ಸಿಂಪಡಿಸಬೇಡಿ ಎಂದು ಹೇಳುವವರು ಯಾರು?

ಕೃಷಿ ವಿಸ್ತರಣೆ ಎಂದರೇನು ಎಂಬುದನ್ನು ಮೊದಲು ಬೇಗನೆ ಮುಗಿಸಿಬಿಡೋಣ. ಸಂಶೋಧನಾ ಕೇಂದ್ರದಲ್ಲಿ ತಿಳಿದದ್ದನ್ನು ಹೊಲಕ್ಕೂ, ಹೊಲದಲ್ಲಿ ಎದುರಾದ ತೊಡಕನ್ನು ಸಂಶೋಧನಾ ಕೇಂದ್ರಕ್ಕೂ ಮುಟ್ಟಿಸುವ ಏರ್ಪಾಡು ಅದು. ಕರ್ನಾಟಕದಲ್ಲಿ ಇದರ ಬಾಗಿಲು ಹೋಬಳಿಯ ರೈತ ಸಂಪರ್ಕ ಕೇಂದ್ರ. ತಾಲ್ಲೂಕಿನಲ್ಲಿ ಸಹಾಯಕ ಕೃಷಿ ನಿರ್ದೇಶಕರ ಕಚೇರಿ ಇದೆ, ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಎಲ್ಲಕ್ಕೂ ಬೆನ್ನೆಲುಬಾಗಿ ಬೆಂಗಳೂರು, ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇವೆ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಈಗ ಅವುಗಳ ಸಂಖ್ಯೆ 700 ದಾಟಿದೆ. 2004ರಿಂದ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಪಟ್ಟಿ ಇಷ್ಟು ಸಾಕು. ಇಷ್ಟೆಲ್ಲ ಇದ್ದರೂ ರೈತರು ಸಲಹೆಗೆ ಯಾರ ಹತ್ತಿರ ಹೋಗುತ್ತಾರೆ ಎಂಬುದು ಇದಕ್ಕಿಂತ ಕುತೂಹಲದ ವಿಷಯ.

ಅದಕ್ಕೆ ಉತ್ತರ ಇಡೀ ದೇಶದ ರೈತ ಕುಟುಂಬಗಳನ್ನು ಕುರಿತು ರಾಷ್ಟ್ರೀಯ ಮಾದರಿ ಸಮೀಕ್ಷಾ ಸಂಸ್ಥೆ 2003ರಲ್ಲಿ ನಡೆಸಿದ ಸಮೀಕ್ಷೆಯಲ್ಲಿದೆ. ಆಧುನಿಕ ಬೇಸಾಯದ ಬಗ್ಗೆ ಯಾವುದಾದರೂ ಮೂಲದಿಂದ ಮಾಹಿತಿ ಪಡೆದವರು ಸುಮಾರು ನೂರಕ್ಕೆ 40 ಮಾತ್ರ. ಎಲ್ಲ ಕುಟುಂಬಗಳ ಲೆಕ್ಕದಲ್ಲಿ, ಒಂದಕ್ಕಿಂತ ಹೆಚ್ಚು ಮೂಲ ಹೇಳಿದವರೂ ಸೇರಿ, ಇತರ ಪ್ರಗತಿಪರ ರೈತರಿಂದ ತಿಳಿದವರು ನೂರಕ್ಕೆ 16.7, ಬೀಜ-ಗೊಬ್ಬರ-ಔಷಧಿ ಅಂಗಡಿಯಿಂದ ತಿಳಿದವರು 13.1, ರೇಡಿಯೊದಿಂದ 13. ಸರ್ಕಾರದ ವಿಸ್ತರಣಾ ಸಿಬ್ಬಂದಿಯಿಂದ ತಿಳಿದವರು 5.7 ಮಾತ್ರ, ಕೃಷಿ ವಿಜ್ಞಾನ ಕೇಂದ್ರದಿಂದ ತಿಳಿದವರು ನೂರಕ್ಕೆ ಒಬ್ಬರೂ ಇಲ್ಲ. ಈ ಅಂಕಿಗಳು ಹಳೆಯವು, ಆಗ ಹಳ್ಳಿಯಲ್ಲಿ ಮೊಬೈಲ್ ಇರಲಿಲ್ಲ ಎನ್ನಬಹುದು. ಒಪ್ಪೋಣ. ಆದರೆ ಬೆಳೆಯಲ್ಲಿ ಹುಳು ಕಂಡ ದಿನ ರೈತ ಎಲೆ ಕಿತ್ತುಕೊಂಡು ಎತ್ತ ನಡೆಯುತ್ತಾನೆ ಎಂಬುದು ಮೊಬೈಲಿನಿಂದ ಬದಲಾಗಿಲ್ಲ. ಅಂಗಡಿ ಹತ್ತಿರವಿದೆ, ಬೆಳಗಿನಿಂದ ರಾತ್ರಿಯವರೆಗೆ ತೆರೆದಿರುತ್ತದೆ, ಉದ್ರಿ ಕೊಡುತ್ತದೆ, ಫಸಲು ಬಂದ ಮೇಲೆ ಲೆಕ್ಕ ಮುಗಿಸಿದರಾಯಿತು. ಇಷ್ಟು ಅನುಕೂಲ ಯಾವ ಕಚೇರಿಯಲ್ಲೂ ಇಲ್ಲ. ಅಂಗಡಿಯವನು ಕೆಟ್ಟವನೆಂಬುದು ಇಲ್ಲಿಯ ವಾದವಲ್ಲ. ಅವನಿಗೆ ಬೇಕಾದಷ್ಟು ತಿಳಿವಳಿಕೆ ಇರಬಹುದು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ಅಂಗಡಿಯವರಿಗೆಂದೇ 2003ರಿಂದ ಡಿಪ್ಲೊಮಾ ನಡೆಸುತ್ತಿದೆ, ಅದು ಒಳ್ಳೆಯ ಕೆಲಸವೇ. ಆದರೆ ‘ಈ ವಾರ ಏನೂ ಹೊಡೆಯಬೇಡಿ’ ಎಂಬ ಸಲಹೆಯಿಂದ ಅಂಗಡಿಗೆ ಬರುವ ಆದಾಯ ಸೊನ್ನೆ. ಎಷ್ಟು ಓದಿಸಿದರೂ ಈ ಲೆಕ್ಕ ಬದಲಾಗದು.

‘ಬೇಡ’ ಎನ್ನುವುದಕ್ಕೆ ಅಷ್ಟೊಂದು ಬೆಲೆ ಏಕೆ ಎಂಬುದು ಭತ್ತದ ಕಂದು ಜಿಗಿಹುಳುವಿನ ಕಥೆಯಲ್ಲಿ ಗೊತ್ತಾಗುತ್ತದೆ. ಈ ಕೀಟವನ್ನು ಎಷ್ಟು ಸಲ ವಿವರಿಸಿದರೂ ಬೇಸರ ಬಾರದು, ಅಷ್ಟು ಸೊಗಸಾದ ಪಾಠ ಅದರಲ್ಲಿದೆ. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಹುಳು ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಕೂತು ರಸ ಹೀರುತ್ತದೆ. ಹೆಚ್ಚಾದಾಗ ಗದ್ದೆಯ ನಡುವೆ ದುಂಡಗೆ ಸುಟ್ಟಂತಹ ಕಲೆ ಬಿದ್ದು ಕೆಲವೇ ದಿನಗಳಲ್ಲಿ ಹರಡುತ್ತದೆ. ಹೆಣ್ಣು ಹುಳು ಇನ್ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಎಲೆಯ ಬುಡದ ಕವಚವನ್ನು ಸೀಳಿ ಅದರೊಳಗೆ ಇಡುತ್ತದೆ. ಸಾಮಾನ್ಯರು ಎಡವುವುದು ಇಲ್ಲೇ. ಔಷಧಿ ಹೊಡೆದ ಮರುದಿನ ಸತ್ತ ಹುಳುಗಳು ನೀರಿನ ಮೇಲೆ ತೇಲುತ್ತವೆ, ಕೆಲಸವಾಯಿತು ಎನ್ನಿಸುತ್ತದೆ. ಕವಚದೊಳಗಿನ ಮೊಟ್ಟೆಗೆ ಮಾತ್ರ ಹೆಚ್ಚಿನ ಔಷಧಿಗಳು ತಾಗಿಯೇ ಇರುವುದಿಲ್ಲ. ವಾರದೊಳಗೆ ಅವು ಒಡೆಯುತ್ತವೆ. ಆ ಹೊತ್ತಿಗೆ ಗದ್ದೆಯಲ್ಲಿ ಮರಿಗಳನ್ನು ತಿನ್ನುವವರು ಉಳಿದಿರುವುದಿಲ್ಲ. ಬುಡದಲ್ಲಿ ಓಡಾಡುತ್ತ ದಿನಕ್ಕೆ ಹಲವು ಜಿಗಿಹುಳುಗಳನ್ನು ಹಿಡಿಯುವ ತೋಳ ಜೇಡ, ಮೊಟ್ಟೆಗಳನ್ನೇ ಹುಡುಕಿ ಚುಚ್ಚಿ ಹೀರುವ ಹಸಿರು ಮಿರಿಡ್ ತಿಗಣೆ, ಎರಡೂ ಅದೇ ಔಷಧಿಗೆ ಬಲಿಯಾಗಿರುತ್ತವೆ. ಜಿಗಿಹುಳುವಿಗೆ ಒಂದು ತಲೆಮಾರು ಮುಗಿಸಲು ಸುಮಾರು ನಾಲ್ಕು ವಾರ ಸಾಕು, ಜೇಡ ಅಷ್ಟು ಬೇಗ ಹೆಚ್ಚುವುದಿಲ್ಲ. ಸಿಂಪಡಣೆಗೆ ಮೊದಲು ಇದ್ದುದಕ್ಕಿಂತ ಎಷ್ಟೋ ಪಟ್ಟು ಹುಳು ಮರಳಿ ಏಳುವುದು ಹೀಗೆ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೆಲವು ಔಷಧಿಗಳು ಬದುಕುಳಿದ ಹೆಣ್ಣು ಹುಳುಗಳು ಇನ್ನಷ್ಟು ಮೊಟ್ಟೆ ಇಡುವಂತೆಯೂ ಮಾಡುತ್ತವೆ. ಯೂರಿಯಾ ಅತಿಯಾಗಿ ಹಾಕಿದ ಗದ್ದೆಯಂತೂ ಅವುಗಳಿಗೆ ಸಮೃದ್ಧ ಊಟ.

ಇದಕ್ಕಿಂತ ಚೆಂದದ ಇನ್ನೊಂದು ಸಂಗತಿ ಜಾವಾ ದ್ವೀಪದ ಗದ್ದೆಗಳ ಅಧ್ಯಯನದಿಂದ 1996ರಲ್ಲಿ ಹೊರಬಂತು. ನಾಟಿಯಾದ ಮೊದಲ ವಾರಗಳಲ್ಲಿ ಬೆಳೆ ತಿನ್ನುವ ಹುಳು ಗದ್ದೆಗೆ ಬಂದೇ ಇರುವುದಿಲ್ಲ, ಜೇಡಗಳು ಮಾತ್ರ ತುಂಬಿರುತ್ತವೆ. ತಿನ್ನಲು ಕೀಟವಿಲ್ಲದ ಗದ್ದೆಯಲ್ಲಿ ಅವು ಹೇಗೆ ಬದುಕುತ್ತವೆ? ಕೊಳೆತ ಹುಲ್ಲು, ಸಗಣಿ ಗೊಬ್ಬರ, ನೀರಿನ ಪಾಚಿ ತಿಂದು ಬೆಳೆಯುವ ಸಣ್ಣ ನೊಣ-ನುಸಿಗಳನ್ನು ತಿಂದು. ಬೆಳೆಗೆ ಏನೂ ಮಾಡದ ಈ ನುಸಿಗಳು ಮುಂದೆ ಬರುವ ಶತ್ರುವಿಗಾಗಿ ಕಾವಲಿನವರನ್ನು ಮೊದಲೇ ಸಾಕಿಟ್ಟಿರುತ್ತವೆ. ನಾಟಿಯಾದ ಇಪ್ಪತ್ತು-ಮೂವತ್ತು ದಿನಕ್ಕೆ ‘ಯಾವುದಕ್ಕೂ ಇರಲಿ’ ಎಂದು ಹೊಡೆಯುವ ಮೊದಲ ಸಿಂಪಡಣೆ ಕೆಡವುವುದು ಈ ಏರ್ಪಾಡನ್ನೇ. ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಸೋನಾ ಮಸೂರಿ ಸೀಮೆಯಲ್ಲಿ ಜಿಗಿಹುಳುವಿನ ಕಾಟವನ್ನು ಬಲ್ಲವರು ಈ ಮೊದಲ ಸಿಂಪಡಣೆಯ ಬಗ್ಗೆ ಒಮ್ಮೆ ನಿಂತು ಯೋಚಿಸಬೇಕು.

ಕೀಟಶಾಸ್ತ್ರದ ಈ ತಿಳಿವನ್ನು ಒಂದು ಸರ್ಕಾರ ಒಪ್ಪಿಕೊಂಡ ಉದಾಹರಣೆಯೂ ಇದೆ. ಇಂಡೋನೇಷ್ಯಾ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿತು. ಕೀಟನಾಶಕಕ್ಕೆ ಭಾರಿ ಸಬ್ಸಿಡಿ ಇತ್ತು, ಸಿಂಪಡಣೆ ಧಾರಾಳವಾಗಿತ್ತು. 1985-86ರಲ್ಲಿ ಜಿಗಿಹುಳು ಮತ್ತೆ ಎದ್ದು ಫಸಲನ್ನು ನುಂಗತೊಡಗಿತು. 1986ರ ನವೆಂಬರಿನಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿದರು; ಸಬ್ಸಿಡಿಯೂ ಹಂತಹಂತವಾಗಿ ನಿಂತಿತು. 1989ರಿಂದ ಅಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ನಡೆದವು. ಇಪ್ಪತ್ತೈದರಷ್ಟು ರೈತರ ಗುಂಪು ಒಂದು ಹಂಗಾಮು ಪೂರ್ತಿ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿ ಬುಡ ಬಿಡಿಸಿ ನೋಡುತ್ತಿತ್ತು, ಹುಳು-ಜೇಡಗಳನ್ನು ಎಣಿಸಿ ಚಿತ್ರ ಬರೆಯುತ್ತಿತ್ತು, ಬಲೆ ಕಟ್ಟಿದ ಕುಂಡದೊಳಗೆ ಜಿಗಿಹುಳು ಮತ್ತು ಜೇಡವನ್ನು ಕೂಡಿಹಾಕಿ ಯಾರು ಯಾರನ್ನು ತಿನ್ನುತ್ತಾರೆಂದು ಕಾಯುತ್ತಿತ್ತು. ಎಳೆಯ ಪೈರಿನ ಎಲೆಯನ್ನು ಕತ್ತರಿಯಿಂದ ಕತ್ತರಿಸಿ, ಅಷ್ಟು ಎಲೆ ಹೋದರೂ ಇಳುವರಿ ತಗ್ಗುವುದೇ ಎಂದು ಪರೀಕ್ಷಿಸುತ್ತಿತ್ತು. ಭಾಷಣ ಕೇಳಿಸುವ ತರಬೇತಿಗೂ ಇದಕ್ಕೂ ಅಜಗಜಾಂತರ.

ಇದಕ್ಕೆ ಬಲವಾದ ಆಕ್ಷೇಪ ಬಂದದ್ದು ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರಿಂದ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಇಂಡೋನೇಷ್ಯಾದ ಪಾಠಶಾಲೆಗಳಲ್ಲಿ ಕಲಿತವರ ಇಳುವರಿಯಲ್ಲಾಗಲಿ ಕೀಟನಾಶಕದ ಬಳಕೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಕಲಿತದ್ದು ಅಕ್ಕಪಕ್ಕದವರಿಗೆ ಹರಡಿದ್ದೂ ಕಾಣಲಿಲ್ಲ. ಇದನ್ನು ತಳ್ಳಿಹಾಕುವಂತಿಲ್ಲ. ಕಲಿತವರ ಮೇಲಿನ ಪರಿಣಾಮದ ಬಗ್ಗೆ ಬೇರೆ ಅಧ್ಯಯನಗಳು ಬೇರೆ ಮಾತು ಹೇಳುತ್ತವೆ; ಹರಡಲಿಲ್ಲ ಎಂಬುದಕ್ಕೆ ಮಾತ್ರ ಒಳಗಿನ ಕಾರಣವೇ ಇದೆ. ಮಂಡ್ಯದ ಸಂಶೋಧನಾ ಕೇಂದ್ರದಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಬೆರೆಸಿ ಬೆಳೆಸಿದ ಇಂಡಾಫ್ ತಳಿಗಳು 1970ರ ದಶಕದಲ್ಲಿ ಹಳ್ಳಿಯಿಂದ ಹಳ್ಳಿಗೆ ಸಲೀಸಾಗಿ ಹೋದವು, ಯಾಕೆಂದರೆ ದೊಡ್ಡ ತೆನೆ ಬದುವಿನಾಚೆಗೂ ಕಾಣುತ್ತದೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಿಸಿ ತೋರಿಸಿದಾಗಲೂ ಅಷ್ಟೇ. ಮೈಲುತುತ್ತ ಮತ್ತು ಸುಣ್ಣದ ನೀರು ಬಿದ್ದ ಕೊನೆಯಲ್ಲಿ ಕಾಯಿ ನಿಂತದ್ದು, ಬೀಳದ ಕೊನೆಯಿಂದ ಉದುರಿದ್ದು ಎಲ್ಲರ ಕಣ್ಣಿಗೆ ಬಿತ್ತು. ಮಳೆಗೆ ತೋಯದಂತೆ ಅಡಿಕೆ ಕೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದ ಮಲೆನಾಡಿನಲ್ಲಿ ಔಷಧಿ ಹೊಡೆಯುವ ಹೊಸ ಕಸುಬೇ ಬೇರೂರಿತು. ಪಕ್ಕದ ಗದ್ದೆಯವನು ಈ ಸಲ ಔಷಧಿ ಹೊಡೆಯಲಿಲ್ಲ ಎಂಬುದು ಹಾಗೆ ಕಾಣುವುದೇ ಇಲ್ಲ. ಹೊಡೆದವನ ಗದ್ದೆಯೂ ಹಸಿರು, ಹೊಡೆಯದವನ ಗದ್ದೆಯೂ ಹಸಿರು. ತಾನಾಗಿ ಹರಡುವುದಕ್ಕೆ ಸಾರುವವರು ಬೇಕಿಲ್ಲ, ಮಾರಾಟದ ಲಾಭವಿರುವುದಕ್ಕೆ ಅಂಗಡಿ ಇದೆ. ಕಣ್ಣಿಗೂ ಕಾಣದ, ಯಾರಿಗೂ ಲಾಭ ತಾರದ ತಿಳಿವಳಿಕೆಯನ್ನು ಹೊತ್ತು ತಿರುಗಲು ಉಳಿದಿರುವುದು ಸಾರ್ವಜನಿಕ ಹಣದಿಂದ ನಡೆಯುವ ವಿಸ್ತರಣಾ ಸೇವೆ ಒಂದೇ. ಇರುವ ಅಲ್ಪ ಸಿಬ್ಬಂದಿಯ ಮುಂಗಾರೆಲ್ಲ ರಿಯಾಯಿತಿ ಬೀಜದ ಸಾಲು ನಿಭಾಯಿಸುವುದರಲ್ಲೇ ಕಳೆದರೆ, ಬೇರೆ ಯಾರೂ ಮಾಡಲಾರದ ಈ ಕೆಲಸ ಹಾಗೆಯೇ ಬಿದ್ದಿರುತ್ತದೆ.

ಖರ್ಚು ಹೆಚ್ಚಲ್ಲವೇ ಎಂಬ ಪ್ರಶ್ನೆಗೆ ವಿಯೆಟ್ನಾಮಿನ ಮೆಕಾಂಗ್ ಮುಖಜಭೂಮಿಯಲ್ಲಿ 1990ರ ದಶಕದಲ್ಲೇ ಒಂದು ಉಪಾಯ ಸಿಕ್ಕಿತು. ಗದ್ದೆಯ 500 ಚದರ ಮೀಟರಿನಷ್ಟು, ನಮ್ಮ ಲೆಕ್ಕದಲ್ಲಿ ಐದು ಗುಂಟೆಯಷ್ಟು ಜಾಗವನ್ನು ಮೊದಲ 40 ದಿನ ಔಷಧಿಯಿಲ್ಲದೆ ಬಿಟ್ಟು, ಕೊಯ್ಲಿನಲ್ಲಿ ಎರಡನ್ನೂ ಹೋಲಿಸಿ ನೋಡಿ ಎಂದು ರೈತರನ್ನು ಕೇಳಲಾಯಿತು. ರೇಡಿಯೊ ನಾಟಕ, ಕರಪತ್ರ, ಭಿತ್ತಿಪತ್ರಗಳಲ್ಲಿ ಇದೊಂದೇ ಮಾತು. ಕಾಣದಿದ್ದದ್ದು ಅವರವರ ಗದ್ದೆಯಲ್ಲೇ ಕಾಣುವಂತಾಯಿತು, ಪ್ರಚಾರ ನಡೆದ ಕಡೆ ಸಿಂಪಡಣೆ ಸುಮಾರು ಅರ್ಧದಷ್ಟು ಇಳಿಯಿತು. ಆದರೆ ಒಮ್ಮೆ ಹೇಳಿ ಮುಗಿಸುವ ಮಾತು ಇದಲ್ಲ. ಇಂಡೋನೇಷ್ಯಾದ ರಾಷ್ಟ್ರೀಯ ಕಾರ್ಯಕ್ರಮ 1999ರಲ್ಲಿ ಮುಗಿಯಿತು, ಕೀಟನಾಶಕದ ಮಾರಾಟ ಮತ್ತೆ ಬಿರುಸಾಯಿತು, 2010-11ರಲ್ಲಿ ಜಾವಾದ ಗದ್ದೆಗಳನ್ನು ಜಿಗಿಹುಳು ಮತ್ತೆ ಸುಟ್ಟಿತು.

ರೈತರ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಗಟ್ಟಿ. ಕಾದು ನೋಡಿ ಎನ್ನುವ ಅಧಿಕಾರಿ ಬೆಳೆ ಹೋದರೆ ನಷ್ಟ ತುಂಬಿಕೊಡುತ್ತಾನೆಯೇ? ಒಂದು ಸಿಂಪಡಣೆಯ ಖರ್ಚನ್ನು ಇಡೀ ಫಸಲಿನ ಬೆಲೆಯ ಪಕ್ಕ ಇಟ್ಟು ನೋಡಿದರೆ ಮುಂಜಾಗ್ರತೆ ಅಗ್ಗವೇ ಅಲ್ಲವೇ? ಮುಂಜಾಗ್ರತೆಯಿಂದ ಅಪಾಯ ತಗ್ಗುವುದಾದರೆ ಈ ಲೆಕ್ಕ ಸರಿ. ಜಿಗಿಹುಳುವಿನ ವಿಷಯದಲ್ಲಿ ಮೇಲೆ ಕಂಡಂತೆ ಅನಗತ್ಯ ಸಿಂಪಡಣೆ ಅಪಾಯವನ್ನು ಹೆಚ್ಚಿಸುತ್ತದೆ, ದುಡ್ಡು ಕೊಟ್ಟು ಅಪಾಯ ಕೊಂಡಂತಾಯಿತು. ಕೊಳೆರೋಗದಲ್ಲಿ ಇದು ತಿರುವುಮುರುವು: ಅಲ್ಲಿ ಮಳೆ ಹಿಡಿಯುವ ಮೊದಲೇ ಬೋರ್ಡೋ ಬೀಳಬೇಕು, ರೋಗ ಕಂಡ ಮೇಲೆ ಹೊಡೆದರೆ ಉದುರಿದ ಕಾಯಿ ಮರಳಿ ಕೊನೆ ಸೇರದು. ಒಂದರಲ್ಲಿ ಕಾಯಬೇಕು, ಇನ್ನೊಂದರಲ್ಲಿ ಕಾಯಬಾರದು. ಔಷಧಿ ಎಂದರೆ ವಿಷ ಎಂದೋ, ಔಷಧಿಯೇ ಗತಿ ಎಂದೋ ಸಾರಾಸಗಟಾಗಿ ಹೇಳುವವರಿಬ್ಬರೂ ರೈತನಿಗೆ ಉಪಕಾರ ಮಾಡುವುದಿಲ್ಲ. ಜಿಗಿಹುಳುವಿಗೂ ಔಷಧಿ ಬೇಕಾಗುವ ಗಳಿಗೆ ಇದೆ. ಬುಡಕ್ಕೆ ಐದರಿಂದ ಹತ್ತು ಹುಳು ಮುಟ್ಟಿ, ಜೇಡ-ತಿಗಣೆಗಳು ವಿರಳವಾಗಿದ್ದರೆ ಮೊದಲು ನೀರು ಬಸಿಯಬೇಕು, ಆಮೇಲೆ ಶಿಫಾರಸು ಮಾಡಿದ ಔಷಧಿ ಬುಡಕ್ಕೇ ಬೀಳುವಂತೆ ಹೊಡೆಯಬೇಕು. ಮೇಲಿನ ಎಲೆ ತೋಯಿಸಿದರೆ ಪ್ರಯೋಜನವಿಲ್ಲ.

ಮೊಬೈಲಿಗೆ ಫೋಟೊ ಕಳಿಸಿದರೆ ಉತ್ತರ ಬರುವ ಕಾಲದಲ್ಲಿ ಇದೆಲ್ಲ ಏಕೆ ಎಂದೂ ಕೇಳುತ್ತಾರೆ. ಕೀಟದ ಹೆಸರು ತಿಳಿಯಲು ಫೋಟೊ ಒಳ್ಳೆಯ ಸಾಧನ, ಬಳಸಿ. ಆದರೆ ಫೋಟೊದಲ್ಲಿ ಬರುವುದು ಹಳದಿಯಾದ ಎಲೆ, ಹುಳು ಇರುವುದು ಬುಡದಲ್ಲಿ. ಹೊಡೆಯಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಬೇಕಾದದ್ದು ಎಣಿಕೆ, ಅದನ್ನು ಗದ್ದೆಗೆ ಇಳಿದವರೇ ಮಾಡಬೇಕು. ತುಂಗಭದ್ರಾ ಅಚ್ಚುಕಟ್ಟಿನಂಥ ಪ್ರದೇಶದಲ್ಲಿ ಮೆಕಾಂಗಿನ ರೀತಿಯಲ್ಲಿ ಔಷಧಿಯಿಲ್ಲದೆ ಬಿಟ್ಟ ಊರೂರಿನ ಐದು ಗುಂಟೆಗಳ ಎಣಿಕೆ ಹಂಗಾಮಿನಿಂದ ಹಂಗಾಮಿಗೆ ಸಿಗುವಂತಾದರೆ, ನಮ್ಮ ನೆಲದಲ್ಲಿ ಯಾವ ಜೇಡ ಯಾವ ವಾರ ಬರುತ್ತದೆ, ಎರಡನೇ ಬೆಳೆಯಲ್ಲಿ ಲೆಕ್ಕ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಗಳನ್ನು ಜಾವಾದ ಉತ್ತರದಿಂದ ಹೊಂದಿಸಿಕೊಳ್ಳುವ ಗೊಡವೆ ಇರದು. ಕೃಷಿ ಕಾಲೇಜಿನ ವಿದ್ಯಾರ್ಥಿಗಳು, ಹಳ್ಳಿಯ ಶಾಲೆಯ ವಿಜ್ಞಾನ ಶಿಕ್ಷಕರು ಕೈಹಾಕಬಹುದಾದ ಅಧ್ಯಯನ ಇದು. ದುಬಾರಿ ಉಪಕರಣ ಬೇಕಿಲ್ಲ. ನಾಟಿಯಾದ ಮೂರನೇ ವಾರದಿಂದ ವಾರಕ್ಕೊಮ್ಮೆ ಬೆಳಿಗ್ಗೆ ಗದ್ದೆಯಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತ ಅಲ್ಲಲ್ಲಿ ಒಟ್ಟು ಇಪ್ಪತ್ತು ಬುಡಗಳನ್ನು ಬಾಗಿಸಿ ತಟ್ಟಿ, ನೀರಿಗೆ ಬಿದ್ದ ಜಿಗಿಹುಳು, ಜೇಡ, ಮಿರಿಡ್ ತಿಗಣೆಗಳನ್ನು ಬೇರೆಬೇರೆಯಾಗಿ ಎಣಿಸಿ ತಾರೀಕಿನೊಡನೆ ಬರೆದಿಡಿ. ಗುರುತು ಸಿಗದ ಹುಳುವನ್ನು ಸಣ್ಣ ಸೀಸೆಯಲ್ಲಿ ಹಾಕಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಹೆಸರು ಕೇಳಿ, ಎಣಿಕೆಯ ಹಾಳೆಯ ಒಂದು ಪ್ರತಿಯನ್ನೂ ಅಲ್ಲಿಯ ವಿಜ್ಞಾನಿಗೆ ಕೊಟ್ಟು ಬನ್ನಿ.