ಹಿಮಾಲಯಕ್ಕೆ ಹೊರೆ ಹೊತ್ತ ‘ಯಾಕ್’: ವಾಯುಪಡೆಯ 12ನೇ ಸ್ಕ್ವಾಡ್ರನ್ ನಡೆದು ಬಂದ ದಾರಿ

ಬಾಣಾವರ: ರಜೆ ಮುಗಿಸಿ ಬಾಣಾವರದಲ್ಲೋ ಅರಸೀಕೆರೆಯಲ್ಲೋ ರೈಲು ಹತ್ತುವ ಸೈನಿಕ ಲಡಾಖಿನ ನೆಲೆಗೆ ಮರಳುವವನಾಗಿದ್ದರೆ, ಆತನ ಪ್ರಯಾಣದ ಕೊನೆಯ ಹಂತ ಸಾಮಾನ್ಯವಾಗಿ ವಾಯುಪಡೆಯ ಸಾಗಣೆ ವಿಮಾನದಲ್ಲಿ ನಡೆಯುತ್ತದೆ. ಹಿಮ ಸುರಿದು ಕಣಿವೆ ಮಾರ್ಗಗಳು ಮುಚ್ಚಿದಾಗ ಆಹಾರ, ಔಷಧ, ಮದ್ದುಗುಂಡು ತಲುಪಿಸಲು ಈ ವಿಮಾನಗಳೇ ಆಸರೆ. ಯುದ್ಧವಿಮಾನಗಳಿಗೆ ದೊರೆಯುವ ಪ್ರಚಾರ ಇವುಗಳಿಗಿಲ್ಲ. ಆದರೆ ಸ್ವತಂತ್ರ ಭಾರತದ ಮೊದಲ ಯುದ್ಧದ ಗತಿಯನ್ನು ಬದಲಿಸಿದ್ದು ಇಂತಹುದೇ ಒಂದು ಸಾಗಣೆ ದಳ. ಅದರ ಚರಿತ್ರೆಯಲ್ಲಿ ಕೊಡಗಿನ ಸೇನಾನಿಯೊಬ್ಬರ ಹೆಸರೂ ಸೇರಿಕೊಂಡಿದೆ.

ಕದನ ದಳವಾಗಿ ಜನನ

12ನೇ ಸ್ಕ್ವಾಡ್ರನ್ 1945ರ ಡಿಸೆಂಬರ್ 1ರಂದು ಈಗಿನ ಪಾಕಿಸ್ತಾನದಲ್ಲಿರುವ ಕೊಹಾಟ್‌ನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಗಳ ದಳವಾಗಿ ಸ್ಥಾಪನೆಗೊಂಡಿತು. ಮರುವರ್ಷವೇ ಅದಕ್ಕೆ ಡಕೋಟಾ ವಿಮಾನಗಳನ್ನು ನೀಡಿ ಸಾಗಣೆ ದಳವಾಗಿ ಮಾರ್ಪಡಿಸಲಾಯಿತು. ದೇಶ ವಿಭಜನೆಯಾದಾಗ ವಾಯುಪಡೆಯೂ ಹಂಚಿಕೆಯಾಯಿತು. ಭಾರತದ ಪಾಲಿಗೆ ಉಳಿದ ಸಾಗಣೆ ಸ್ಕ್ವಾಡ್ರನ್ ಇದೊಂದೇ. ಹಿಮಾಲಯದಲ್ಲಿ ಹೊರೆ ಹೊರುವ ಪ್ರಾಣಿಯ ಹೆಸರಿನಿಂದ ಇದು ‘ಯಾಕ್ಸ್’ ಎಂದು ಕರೆಯಲ್ಪಡುತ್ತದೆ.

ಅದರ ಮೊದಲ ಪರೀಕ್ಷೆಗೆ ಹೆಚ್ಚು ಕಾಲ ಬೇಕಾಗಲಿಲ್ಲ. 1947ರ ಅಕ್ಟೋಬರ್ 26ರಂದು ಮಹಾರಾಜ ಹರಿಸಿಂಗ್ ವಿಲೀನ ಪತ್ರಕ್ಕೆ ಸಹಿ ಹಾಕಿದರು. ಆ ವೇಳೆಗೆ ದಾಳಿಕೋರರು ಬಾರಾಮುಲ್ಲಾವರೆಗೆ ಬಂದಿದ್ದರು. ಮರುದಿನ ಮುಂಜಾನೆ ದೆಹಲಿಯಿಂದ ಹೊರಟ ಡಕೋಟಾಗಳು ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಯೋಧರನ್ನು ಶ್ರೀನಗರದಲ್ಲಿ ಇಳಿಸಿದವು. ವಾಯುಪಡೆಯ ವಿಮಾನಗಳು ಸಾಲದೆ ಖಾಸಗಿ ಕಂಪನಿಗಳ ಡಕೋಟಾಗಳನ್ನೂ ಬಳಸಿಕೊಳ್ಳಲಾಯಿತು. ವಿಮಾನ ನಿಲ್ದಾಣ ಶತ್ರುಗಳ ವಶವಾಗಿದೆಯೋ ಇಲ್ಲವೋ ಎಂಬುದು ಹೊರಡುವಾಗ ಖಚಿತವಿರಲಿಲ್ಲ. ಅದು ಕೈತಪ್ಪಿದ್ದರೆ ಕಣಿವೆಗೆ ಸಕಾಲದಲ್ಲಿ ಸೈನ್ಯ ತಲುಪಿಸುವ ಬೇರೆ ಮಾರ್ಗವೇ ಇರಲಿಲ್ಲ.

ಲೇಹ್‌ನಲ್ಲಿ ತಿಮ್ಮಯ್ಯ

1948ರ ಮೇ ತಿಂಗಳಲ್ಲಿ ಕಾರ್ಗಿಲ್ ಕೈಬಿಟ್ಟು ಲೇಹ್ ಅಪಾಯಕ್ಕೆ ಸಿಲುಕಿತು. ಸಿಂಧೂ ನದಿಯ ಬಳಿ ಎಂಜಿನಿಯರ್ ಸೋನಂ ನೋರ್ಬು ಅವರ ಮುಂದಾಳತ್ವದಲ್ಲಿ ತಾತ್ಕಾಲಿಕ ಓಡುದಾರಿ ಸಿದ್ಧವಾಗಿತ್ತು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟಾವನ್ನು ಇಳಿಸಿದರು. ಅವರೊಂದಿಗಿದ್ದವರು ಕಾಶ್ಮೀರದ ಸೇನಾ ವಿಭಾಗದ ಮುಖ್ಯಸ್ಥ, ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ರೆಕ್ಕೆಗಳಿಗೆ ಸಿಗುವ ಆಧಾರ ಕಡಿಮೆಯಾಗುತ್ತದೆ. ಹೀಗಾಗಿ ಹೊರೆಯನ್ನು ಇಳಿಸಬೇಕು, ಓಡುದಾರಿ ಉದ್ದವಿರಬೇಕು. ಲೇಹ್ ಸಮುದ್ರಮಟ್ಟದಿಂದ 10,000 ಅಡಿಗೂ ಎತ್ತರದಲ್ಲಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿನ ಪರ್ವತಗಳು ಇನ್ನೂ ಎತ್ತರ. ಡಕೋಟಾದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ. ಅಂದಿನ ಇಳಿಯುವಿಕೆ ಯಶಸ್ವಿಯಾದ ನಂತರ ಗೂರ್ಖಾ ಯೋಧರನ್ನು ವಿಮಾನದಲ್ಲಿ ಸಾಗಿಸಲಾಯಿತು, ಲೇಹ್ ಉಳಿಯಿತು.

ಬೆಂಗಳೂರಿನ ಪಾಲು

ಡಕೋಟಾಗಳ ಕಥೆಯಲ್ಲಿ ಬೆಂಗಳೂರಿಗೂ ಸ್ಥಾನವಿದೆ. ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆಗೆ ಒಪ್ಪಿಸಲಾಯಿತು. ಮಹಾಯುದ್ಧದ ಅವಧಿಯಲ್ಲಿ ಅಲ್ಲಿ ಡಕೋಟಾ ಮೊದಲಾದ ವಿಮಾನಗಳ ದುರಸ್ತಿ ನಡೆಯಿತು. ಇಂದಿನ ಎಚ್‌ಎಎಲ್‌ನ ಮೂಲ ಅದೇ ಕಾರ್ಖಾನೆ.

ಪ್ಯಾಕೆಟ್‌ನಿಂದ ಎಎನ್-32ಕ್ಕೆ

ಐವತ್ತರ ದಶಕದಲ್ಲಿ ದಳಕ್ಕೆ ಅಮೆರಿಕದ ಫೇರ್‌ಚೈಲ್ಡ್ ಪ್ಯಾಕೆಟ್ ವಿಮಾನಗಳು ಬಂದವು. ಎತ್ತರದಲ್ಲಿ ಶಕ್ತಿ ಸಾಲದೆಂದು ಪ್ಯಾಕೆಟ್‌ಗಳ ಬೆನ್ನ ಮೇಲೆ ಹೆಚ್ಚುವರಿ ಜೆಟ್ ಎಂಜಿನ್ ಕೂರಿಸಲಾಯಿತು. 1962ರಲ್ಲಿ ಇಂತಹ ವಿಮಾನವೊಂದು 16,000 ಅಡಿಗೂ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು. 1971ರ ಡಿಸೆಂಬರ್ 11ರಂದು ಪೂರ್ವ ಬಂಗಾಳದ ಟಂಗೈಲ್‌ನಲ್ಲಿ ಛತ್ರೀಧಾರಿ ಯೋಧರನ್ನು ಇಳಿಸಿದ ವಿಮಾನಗಳ ಗುಂಪಿನಲ್ಲೂ ಪ್ಯಾಕೆಟ್‌ಗಳಿದ್ದವು. ಐದು ದಿನಗಳ ನಂತರ ಢಾಕಾ ಶರಣಾಯಿತು. 1984ರಿಂದ ವಾಯುಪಡೆಗೆ ಸೇರಿದ ಸೋವಿಯತ್ ನಿರ್ಮಿತ ಎಎನ್-32 ವಿಮಾನಗಳು ಆಗ್ರಾದ ಈ ದಳದಲ್ಲಿ ಹಳೆಯವುಗಳ ಜಾಗ ತುಂಬಿದವು.

ಈ ಸೇವೆಗೆ ತೆತ್ತ ಬೆಲೆಯೂ ಸಣ್ಣದಲ್ಲ. 2016ರ ಜುಲೈನಲ್ಲಿ ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಸಮುದ್ರದ ಮೇಲೆ ಕಣ್ಮರೆಯಾಯಿತು. 2019ರ ಜೂನ್‌ನಲ್ಲಿ ಅರುಣಾಚಲದ ಬೆಟ್ಟದಲ್ಲಿ ಇನ್ನೊಂದು ಅಪ್ಪಳಿಸಿ 13 ಮಂದಿ ಮೃತಪಟ್ಟರು.

ಮರಳಿದ ಡಕೋಟಾ

ಗುಜರಿ ಸೇರಿದ್ದ ಡಕೋಟಾವೊಂದನ್ನು ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಖರೀದಿಸಿ, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಡುಗೆ ನೀಡಿದರು. ಅವರ ತಂದೆ ಡಕೋಟಾ ಪೈಲಟ್ ಆಗಿದ್ದವರು. 2018ರ ಮೇ 4ರಂದು ಹಿಂಡನ್ ನೆಲೆಯಲ್ಲಿ ಸೇವೆಗೆ ಸೇರಿದ ಆ ವಿಮಾನಕ್ಕೆ ‘ಪರಶುರಾಮ’ ಎಂಬ ಹೆಸರಿಡಲಾಯಿತು. ಅದರ ಮೈಮೇಲೆ ಬರೆದ ವಿಪಿ-905 ಎಂಬ ಸಂಖ್ಯೆ 1947ರ ಕಾಶ್ಮೀರ ಕಾರ್ಯಾಚರಣೆಯ ಡಕೋಟಾದ್ದು.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಭೇಟಿ ನೀಡುವವರು ಸೇನಾನಿಯ ಸಾಹಸದೊಂದಿಗೆ, ಅವರನ್ನು ಲೇಹ್‌ಗೆ ಹೊತ್ತೊಯ್ದ ಆ ಹಳೆಯ ವಿಮಾನವನ್ನೂ ಒಮ್ಮೆ ನೆನೆಯುವುದು ಉಚಿತ.