ಏರಿ ಇಳಿಯುವ ಸಂಖ್ಯೆ: 12345654321ರ ಗುಣಲಕ್ಷಣಗಳು

ಹತ್ತು ಅಂಕಿಗಳನ್ನು ಮೀರಿದ ಸಂಖ್ಯೆಯನ್ನು ಕಂಡೊಡನೆ ಮಕ್ಕಳು ಹಿಂಜರಿಯುವುದು ಸಾಮಾನ್ಯ. ಆದರೆ ಸಂಖ್ಯೆಯು ದೊಡ್ಡದಾದ ಮಾತ್ರಕ್ಕೆ ಕಠಿಣವಾಗುವುದಿಲ್ಲ. ಅದರ ರಚನೆ ತಿಳಿದರೆ ಭಯವು ಕುತೂಹಲವಾಗಿ ಮಾರ್ಪಡುತ್ತದೆ. ಇದಕ್ಕೆ 12345654321 ಉತ್ತಮ ನಿದರ್ಶನ.

ಹಿನ್ನೆಲೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಈ ಸಂಖ್ಯೆಯನ್ನು ಅವನು ಒಂದರಿಂದ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವುದೆಂದು ವರ್ಣಿಸಿದ್ದಾನೆ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಆ ಗ್ರಂಥವನ್ನು ತೆಲುಗಿಗೆ ತಂದನು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು ಭಾಗಗಳಲ್ಲಿ ಎರಡೂ ಭಾಷೆಗಳನ್ನು ಕೇಳುತ್ತ ಬೆಳೆಯುವ ಮಕ್ಕಳಿಗೆ ಇದು ತಮ್ಮದೇ ಪರಂಪರೆ.

ಓದುವ ಕ್ರಮ

ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸಾವಿರವನ್ನು ತೆಲುಗಿನಲ್ಲಿ ‘ವೆಯ್ಯಿ’ ಎಂದರೂ ಲಕ್ಷ, ಕೋಟಿಗಳು ಎರಡು ಭಾಷೆಗಳಿಗೂ ಸಮಾನ, ಸ್ಥಾನಬೆಲೆಯಂತೂ ಒಂದೇ.

ರಚನೆಯ ಕಾರಣ

ಈ ಸಂಖ್ಯೆಯು 111111ರ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಆರು ಅಡ್ಡಸಾಲುಗಳು ದೊರೆಯುತ್ತವೆ. ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಬಿಡಿಸ್ಥಾನದ ಕಂಬಸಾಲಿನಲ್ಲಿ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ಹೀಗೆ ಆರನೆಯದರಲ್ಲಿ ಆರು 1ಗಳು ಕೂಡುತ್ತವೆ, ಅನಂತರ ಕಡಿಮೆಯಾಗುತ್ತವೆ. ಯಾವ ಕಂಬಸಾಲಿನ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ದಶಕ ಹೋಗುವುದಿಲ್ಲ. ಆದುದರಿಂದಲೇ ಏರಿಳಿತ ಸ್ಪಷ್ಟವಾಗಿ ಉಳಿಯುತ್ತದೆ. ಒಂಬತ್ತು 1ಗಳವರೆಗೆ ಇದು ನಡೆಯುತ್ತದೆ. ಹತ್ತು 1ಗಳ ವರ್ಗವು 1234567900987654321. ಇಲ್ಲಿ ನಡುವಿನ ಕಂಬಸಾಲಿನಿಂದ ದಶಕವು ಎಡಕ್ಕೆ ಹೋಗಿ ಕ್ರಮ ಮುರಿಯುತ್ತದೆ.

ಭಾಜ್ಯತೆ ಮತ್ತು ಅಪವರ್ತನಗಳು

ಅಂಕಿಗಳ ಮೊತ್ತ 36. ಆದ್ದರಿಂದ ಸಂಖ್ಯೆಯು 9ರಿಂದ ಭಾಗವಾಗುತ್ತದೆ. ಬೆಸಸ್ಥಾನದ ಅಂಕಿಗಳ ಮೊತ್ತ 18, ಸಮಸ್ಥಾನದವುಗಳದೂ 18. ಆದ್ದರಿಂದ 11ರಿಂದಲೂ ಭಾಗವಾಗುತ್ತದೆ. 111111 = 3 × 7 × 11 × 13 × 37 ಆಗಿರುವುದರಿಂದ, ಅದರ ವರ್ಗದಲ್ಲಿ ಈ ಐದು ಅವಿಭಾಜ್ಯಗಳು ಎರಡೆರಡು ಬಾರಿ ಬರುತ್ತವೆ. ಒಂದು ಅಪವರ್ತನವನ್ನು ರಚಿಸುವಾಗ ಪ್ರತಿ ಅವಿಭಾಜ್ಯವನ್ನೂ ಸೊನ್ನೆ, ಒಂದು ಅಥವಾ ಎರಡು ಬಾರಿ ತೆಗೆದುಕೊಳ್ಳಬಹುದು. ಹೀಗಾಗಿ ಒಟ್ಟು ಅಪವರ್ತನಗಳು 3 × 3 × 3 × 3 × 3 = 243. 441ರಿಂದ, ಅಂದರೆ 21ರ ವರ್ಗದಿಂದ, ಭಾಗಿಸಿದರೆ 27994681 ಬರುತ್ತದೆ. ಅದು 5291ರ ವರ್ಗ.

ತರಗತಿಯಲ್ಲಿ

1. 11 × 11, 111 × 111 ಲೆಕ್ಕಗಳನ್ನು ಮಕ್ಕಳಿಂದ ಮಾಡಿಸಿ, 1111 × 1111ರ ಉತ್ತರವನ್ನು ಊಹಿಸಲು ಹೇಳಬೇಕು.
2. ಚೌಕುಳಿ ಹಾಳೆಯಲ್ಲಿ ಗುಣಿಸಿ, ಪ್ರತಿ ಕಂಬಸಾಲಿನ 1ಗಳನ್ನು ಎಣಿಸಿಸಬೇಕು.
3. ಹತ್ತು 1ಗಳಾದರೆ ಏನಾಗುವುದೆಂದು ಕೇಳಬೇಕು; ಉತ್ತರವನ್ನು ಶಿಕ್ಷಕರು ಮೊದಲೇ ಹೇಳಬಾರದು.

ಕಾರಣವನ್ನು ತೆಲುಗಿನಲ್ಲಿ ಹೇಳಿದ ಮಗುವನ್ನು ತಡೆಯದೆ, ಅದೇ ವಿಚಾರವನ್ನು ಬಳಿಕ ಕನ್ನಡದಲ್ಲಿ ಬರೆಯಿಸಬೇಕು. ಉತ್ತರ ಸರಿಬಂದರಷ್ಟೇ ಸಾಲದು. ಅದು ಏಕೆ ಬಂದಿತೆಂದು ತನ್ನ ಮಾತಿನಲ್ಲಿ ಹೇಳಬಲ್ಲ ಮಗು ಮಾತ್ರವೇ ಆ ಸಂಖ್ಯೆಯನ್ನು ಅರಿತಿದೆ.