ಎಂಜಿನ್ ಎಣ್ಣೆಯಲ್ಲಿ ನೀರೇ?

ಕಾರಿನ ಎಂಜಿನ್ನಿಗೆ ಎಣ್ಣೆ ಸುರಿಯುವ ಮುಚ್ಚಳವನ್ನು ತೆರೆದಾಗ ಅದರ ಅಡಿಯಲ್ಲಿ ಮಜ್ಜಿಗೆಯಂಥ ನೊರೆ ಕಂಡರೆ ನಾವು ಗಾಬರಿಗೊಳ್ಳುವುದು ಸಹಜ. ರೇಡಿಯೇಟರಿನ ನೀರು ಎಣ್ಣೆಯೊಡನೆ ಬೆರೆಯಿತೇ? ನೊರೆಯೊಂದನ್ನೇ ನೋಡಿ ಹಾಗೆಂದು ನಿರ್ಣಯಿಸಲಾಗದು.

ಚಳಿಗಾಲದಲ್ಲಿ ಕೋಲಾರದ ಪೇಟೆಯೊಳಗಷ್ಟೇ ಓಡಾಡುವ ಕಾರಿನ ಎಂಜಿನ್ ಪೂರ್ಣವಾಗಿ ಕಾಯುವುದಿಲ್ಲ. ಇಂಧನ ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ಮುಚ್ಚಳಕ್ಕೆ ತಗುಲಿ, ಹನಿಗೂಡಿ, ಎಣ್ಣೆಯೊಡನೆ ನೊರೆಯಾಗುವುದು. ರೇಡಿಯೇಟರಿನ ನೀರು ಇಳಿದಿಲ್ಲದಿದ್ದರೆ, ಡಿಪ್‌ಸ್ಟಿಕ್ ಎಂಬ ಅಳತೆಕಡ್ಡಿಯ ಎಣ್ಣೆ ಸ್ವಚ್ಛವಾಗಿದ್ದರೆ, ಭಯವಿಲ್ಲ. ಮುಳಬಾಗಿಲಿಗೊಮ್ಮೆ ಹೋಗಿಬಂದರೆ ಆ ತೇವ ಬಹುಮಟ್ಟಿಗೆ ಆರುವುದು.

ಕಡ್ಡಿಯ ಎಣ್ಣೆಯೂ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಸಂಗತಿ ಬೇರೆ. ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ಆ ಎಣ್ಣೆಯ ಒಂದು ತೊಟ್ಟನ್ನು ಕಾದ ತಗಡಿನ ಮೇಲೆ ಬಿಟ್ಟರೆ ಚಟಪಟನೆ ಸಿಡಿಯುವುದು. ನೀರಿರುವುದಕ್ಕೆ ಅದೇ ಸಾಕ್ಷಿ. ತಣಿದ ರೇಡಿಯೇಟರಿಗೆ ಮೆಕ್ಯಾನಿಕ್ಕನು ಗಾಳಿಯ ಒತ್ತಡ ಕೊಟ್ಟು, ಅದು ಇಳಿಯುವುದೇ ಎಂದು ನೋಡಿ, ಸೋರಿಕೆಯನ್ನು ಖಚಿತಪಡಿಸುವನು. ಅಲ್ಲಿಯವರೆಗೆ ಎಂಜಿನ್ನನ್ನು ಚಾಲೂ ಮಾಡಬಾರದು. ನೀರು ಬೆರೆತ ಎಣ್ಣೆಗೆ ಲೋಹಗಳನ್ನು ಒಂದಕ್ಕೊಂದು ಉಜ್ಜದಂತೆ ಕಾಯುವ ಶಕ್ತಿ ಸಾಲದು. ಬೇರಿಂಗುಗಳು ಬೇಗನೆ ಸವೆಯುವುವು.

ಗ್ಯಾಸ್ಕೆಟ್ ಕೆಡುವುದಾದರೂ ಏಕೆ? ಎಂಜಿನ್ ಮಿತಿಮೀರಿ ಕಾಯುವುದೇ ಮುಖ್ಯ ಕಾರಣ. ಮಾಲೂರು, ಶ್ರೀನಿವಾಸಪುರಗಳ ಕಡೆ ಹಲವು ಕೊಳವೆಬಾವಿಗಳ ನೀರು ಗಡಸು. ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿಯ ಹಕ್ಕಳೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟಿ ಶಾಖವನ್ನು ಹೊರಹೋಗಗೊಡದು. ಆದುದರಿಂದ ಬಾವಿಯ ನೀರಿನ ಬದಲು ಭಟ್ಟಿ ಇಳಿಸಿದ ನೀರನ್ನೂ ಕೂಲೆಂಟನ್ನೂ ಬೆರೆಸಿ ಹಾಕುವುದೇ ಜಾಣತನ.